ಮೇಲಿನ ಮನೆ

ಮಾರಿವಿಕ್ ಅಂತ ಹೆಸರು. ಆಟೋದವನ ಬಾಯಲ್ಲಿ ಮಾರವ್ವ.
ಯಾದವಗಿರಿಯ ನಮ್ಮ ಬೀದಿಗೆ ಜೂನ್ ಒಂದಕ್ಕೆ ಬಂದಿಳಿದಳು,
ಎರಡು ಸೂಟ್‌ಕೇಸು, ಮಡಿಲಲ್ಲಿ ರೈಸ್ ಕುಕ್ಕರು.
ಬೈಲುಕುಪ್ಪೆಯವಳಾ? ಹಾಲಿನವನು ಕೇಳಿದ.
ಫಿಲಿಪೈನ್ಸು ಅಂದೆ. ಎಲ್ಲಿ ಬರುತ್ತೆ ಅದು ಅಂದ.
ನಂಗೇನು ಗೊತ್ತು, ಸಮುದ್ರ ದಾಟಬೇಕಂತೆ.

ಪೊಲೀಸ್ ಆಫೀಸಿಗೆ ಮೂರು ಸಲ ಅಲೆದಳು,
ಮೂರು ಸಲವೂ ನನ್ನ ಕರೆಂಟ್ ಬಿಲ್ಲಿನ ಜೆರಾಕ್ಸು.
ಇಲವಾಲದಾಚೆ ಇಂಟರ್‌ನ್ಯಾಷನಲ್ ಶಾಲೆ,
ಮಕ್ಕಳಿಗೆ ಗಣಿತ. ಆರೂವರೆಗೇ ವ್ಯಾನು.
ಸಂಜೆ ಬಂದು ಮೆಟ್ಟಿಲ ಮೇಲೆ ಕೂತು
ಒಂದು ಶೂ ಬಿಚ್ಚುತ್ತಾಳೆ.
ಇನ್ನೊಂದು ಎಷ್ಟೋ ಹೊತ್ತಿನ ಮೇಲೆ.
ಊಟ ಆಯ್ತಾ ಅಂದರೆ ಮಾತ್ರ ನಗು:
ಅವರೂರಲ್ಲೂ ಹಂಗೇ ಅಂತೆ,
ಹೇಗಿದ್ದೀಯ ಅಂತ ಯಾರೂ ಕೇಳೋಲ್ಲ.

ಮೊನ್ನೆ ಭಾನುವಾರ
ಇಡೀ ಬೀದಿಗೆ ಒಣಮೀನಿನ ವಾಸನೆ.
ಎದುರು ಮನೆ ಕಿಟಕಿಗಳು ಪಟಪಟ ಮುಚ್ಚಿದವು.
ನಾನು ಮೆಟ್ಟಿಲು ಹತ್ತಿದೆ.
ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು,
ಸಾರಿ ಆಂಟಿ, ಸಾರಿ, ಸಾರಿ.

ಮದ್ದೂರಿಂದ ಮದುವೆಯಾಗಿ ಬಂದ ವರ್ಷ
ಇದೇ ಬೀದಿಯಲ್ಲಿ ನಾನೂ ಹೀಗೇ ಹಿಡಿದಿದ್ದೆ ಸೌಟು.
ಸಾರಿ ಅನ್ನೋಕೂ ಬರುತ್ತಿರಲಿಲ್ಲ ಆಗ.
ಆಮೇಲೆ ಹುರಿದೇ ಇಲ್ಲ,
ಇಪ್ಪತ್ತೇಳು ವರ್ಷ.

ಕಿಟಕಿ ತೆಗಿ ಅಂದೆ, ಕನ್ನಡದಲ್ಲೇ.
ತೆಗೆದಳು.
ಕೆಳಗಿಂದ ಎರಡು ಬಿಸಿ ಮುದ್ದೆ ತಂದೆ,
ನುಂಗಬೇಕು, ಅಗಿಯಬಾರದು ಅಂತ
ಗಂಟಲು ಮುಟ್ಟಿ ತೋರಿಸಿದೆ.
ಅಗಿದಳು.
ಅಗೀಲಿ.