ಗಾಲಿಗೆ ಕಲ್ಲು

ಆಸ್ಪತ್ರೆಯ ಹರಾಜಿನಲ್ಲಿ ಹಿಡಿದ ಹಳೆಯ ಆಂಬುಲೆನ್ಸು.
ಕೆಂಪು ಅಕ್ಷರ ಕೆರೆದು ತೆಗೆದರೂ
ಅದರ ನೆರಳು ಮಾತ್ರ ಹೋಗಿಲ್ಲ.
ಸ್ಟ್ರೆಚರ್ ಇದ್ದಲ್ಲಿ ಪ್ಲೈವುಡ್ಡಿನ ಮಂಚ,
ಆಕ್ಸಿಜನ್ ಕಟ್ಟುತ್ತಿದ್ದ ಕೊಂಡಿಗೆ ಅಡುಗೆ ಗ್ಯಾಸು,
ಕಿಟಕಿಗೆ ನನ್ನ ಹಳೇ ಸೀರೆ.
ಎರಡನೇ ಶನಿವಾರ, ಅದರ ಬೆನ್ನಿಗೆ ಭಾನುವಾರ:
ಸರ್ವೆ ಆಫೀಸಿನ ನನಗೂ ಐಟಿಐ ಮೇಷ್ಟ್ರು ವಾಗೀಶನಿಗೂ
ಸರ್ಕಾರ ಮಂಜೂರು ಮಾಡಿದ ಎರಡು ದಿನದ ಮನೆ.

ಆಯನೂರು ದಾಟುವಾಗ ತುಂತುರು.
ರಿಪ್ಪನ್‌ಪೇಟೆಯಲ್ಲಿ ಜಗಳ,
ವಾಪಸು ಹೋಗೋಣ ಎಂದವಳು ನಾನು.
ಹೊಸನಗರದಲ್ಲಿ ಅದೇ ಜಗಳದ ಜತೆ ಮಿರ್ಚಿ ಬಜ್ಜಿ.
ನಗರ ದಾಟಿದ ಮೇಲೆ ಮಾತೇ ಇಲ್ಲ.
ಪುನರ್ವಸು ಮಳೆ ಮೇಲಿಂದ ಬೀಳುತ್ತಿರಲಿಲ್ಲ,
ಅಡ್ಡಡ್ಡ ಬರುತ್ತಿತ್ತು,
ಸಿಟ್ಟಿಗೆದ್ದವರು ಬಕೆಟ್ಟಿನಲ್ಲಿ ಎರಚಿದ ಹಾಗೆ.
ಮಾಸ್ತಿಕಟ್ಟೆ ಇನ್ನೂ ದೂರ ಇರುವಾಗಲೇ
ಹೆಡ್‌ಲೈಟಿನೆದುರು ರಸ್ತೆಯ ಬದಲು ಮರ,
ಎಲೆ, ಬಂದಳಿಕೆ, ಗೂಡು ಸಮೇತ ಮಲಗಿತ್ತು.

ಹಿಂದೆ ಸರಿಸಿ ಇಳಿಜಾರಿನ ಅಂಚಿಗೆ ನಿಲ್ಲಿಸಿದೆವು.
ನೀರು ಹಿಡಿಯಲು ಹೊರಗಿಟ್ಟ ಅನ್ನದ ಪಾತ್ರೆ
ಠಣಠಣ ಕುಣಿಯುತ್ತ ಕಣಿವೆಗೆ ಹೋಯಿತು.
ಸದ್ದು ಪೂರ್ತಿ ಮುಗಿಯುವ ತನಕ
ಇಬ್ಬರೂ ಮರ್ಯಾದೆಯಿಂದ ಕೇಳಿಸಿಕೊಂಡೆವು.

ಆಗ ಬಾಗಿಲು ಬಡಿದರು ಯಾರೋ.
ಪ್ಲಾಸ್ಟಿಕ್ ಹೊದ್ದ ಮುದುಕ, ಹಿಂದೆ ಕೆಟ್ಟು ನಿಂತ ಮೊಪೆಡ್ಡು.
"ಯಾರಿಗೇನಾಗಿದೆ ಒಳಗೆ?"
ಮಿಂಚಿನಲ್ಲಿ ಅಕ್ಷರದ ನೆರಳು ಓದಿದ್ದರು.
ಯಾರಿಗೂ ಏನೂ ಆಗಿಲ್ಲ ಎಂದ ವಾಗೀಶ.
ಏನೂ ಆಗಿಲ್ಲ ಎಂದೆ ನಾನೂ,
ಆ ಸಂಜೆ ನಾವು ಒಪ್ಪಿದ ಮೊದಲ ಮಾತು.

ಸಾಗರದ ಲಿಗೋರಿ ಡಯಾಸ್,
ಪಿಡಬ್ಲ್ಯುಡಿಯಲ್ಲಿ ರೋಡ್ ರೋಲರ್ ಓಡಿಸಿದವರು.
ಒಳಗೆ ಕಣ್ಣಾಡಿಸಿ ನಕ್ಕರು:
"ರೋಲರಿನ ಹಿಂದೆ ಎಳಕೊಂಡು ಹೋಗ್ತಿದ್ವಲ್ಲ ತಗಡಿನ ಗೂಡು,
ಅದಕ್ಕೂ ಗಾಲಿ ಇತ್ತು, ಒಲೆ ಇತ್ತು,
ಮದುವೆಯಾಗಿ ಮೊದಲ ವರ್ಷ ಅದರಲ್ಲೇ ಸಂಸಾರ.
ದನ ಎಮ್ಮೆ ನಮ್ಮನ್ನ ಓವರ್‌ಟೇಕ್ ಮಾಡ್ತಿದ್ವು.
ನೀವು ಕೈಯಿಂದ ದುಡ್ಡು ಹಾಕಿ ಮಾಡ್ತೀರಿ,
ನನಗೆ ಸಂಬಳ ಕೊಡ್ತಿದ್ರು."

ಪಾತ್ರೆ ಹೋದ ಕತೆ ಕೇಳಿ
ಕ್ಯಾರಿಯರಿನಿಂದ ರಟ್ಟಿನ ಡಬ್ಬ ತಂದರು.
ತಂಗಿಯ ಮಗಳು ಹೊಸ ಮನೆ ಹೂಡಿದ್ದಾಳೆ,
ಅವಳಿಗೆಂದು ಕೊಂಡ ಐದು ಲೀಟರ್ ಕುಕ್ಕರು.
ಬೇಡ ಬೇಡ ಎನ್ನುವಷ್ಟರಲ್ಲಿ ರಿಬ್ಬನ್ ಬಿಚ್ಚಿ ಆಗಿತ್ತು.
"ತೊಳೆದು ಒರೆಸಿದರೆ ಹೊಸದೇ.
ನೀವು ಹೇಳಬೇಡಿ, ನಾನೂ ಹೇಳಲ್ಲ."
ಮೂರು ವಿಸಿಲ್.
ಒಂದೊಂದಕ್ಕೂ ಹೊರಗಿನ ಗಾಳಿ ಗಕ್ಕನೆ ನಿಂತು
ಯಾರದು ಎಂದು ಕೇಳಿದಂತಾಯಿತು.

ಬಿಸಿ ಅನ್ನ, ಅಪ್ಪೆಮಿಡಿ, ಪ್ಯಾಕೆಟ್ ಮೊಸರು.
ಹೆಂಡತಿಯ ಬಗ್ಗೆ ನಾನು ಕೇಳಲಿಲ್ಲ.
ಕೇಳದ್ದಕ್ಕೇ ಹೇಳಿದರು:
"ನಾನು ರಸ್ತೆ ಎಷ್ಟು ನಯ ಮಾಡಿದ್ರೂ
ಅವಳು ಚಪ್ಪಲಿ ಬಿಟ್ಟು ನಡೆದು ನೋಡೋಳು.
ಇಲ್ಲೊಂದು ಕಡೆ ಉಬ್ಬಿದೆ ಅನ್ನೋಳು.
ಇರ್ತಿತ್ತು."
ಬೆರಳು ಚೀಪುತ್ತ ಇನ್ನೊಂದು ಮಾತು:
"ಹ್ಯಾಂಡ್‌ಬ್ರೇಕು ಅಂದ್ರೆ ಬರೀ ಮಾತು, ಕಲ್ಲು ಅಂದ್ರೆ ಕಲ್ಲು.
ಆದರೆ ಗಾಲಿಗಿಟ್ಟ ಕಲ್ಲು ರಸ್ತೆಯಲ್ಲೇ ಬಿಟ್ಟು ಹೋಗೋನು
ಡ್ರೈವರೇ ಅಲ್ಲ. ಹಿಂದೆ ಬರೋನ ಗತಿ?"

ನಡುರಾತ್ರಿ ಹೊರಗೆ ಟಾರ್ಚಿನ ಬೆಳಕು ಓಡಾಡಿತೇನೋ.
ವಾಗೀಶನ ಮೊಣಕೈ ನನ್ನ ಬೆನ್ನಿಗಿತ್ತು. ನಿದ್ದೆ ಹೋದೆ.

ಬೆಳಿಗ್ಗೆ ಗರಗಸದ ಸದ್ದು. ಮರ ಮೂರು ತುಂಡು.
ಮುಂದಿನ ಸೀಟು ಖಾಲಿ, ಮೊಪೆಡ್ಡೂ ಇಲ್ಲ.
ವ್ಯಾನಿನಿಂದ ಒಂದೇ ಮಾರು ಆಚೆ
ನಿನ್ನೆ ಇದ್ದ ಅಂಚು ಇರಲಿಲ್ಲ,
ಕೆಂಪು ಮಣ್ಣು ಕೆಳಗಿನ ತನಕ ಹೋಗಿತ್ತು.
ಮುಂದಿನ ಗಾಲಿಗಳಿಗೆ ಎರಡೆರಡು ಕಲ್ಲು,
ಒಂದೊಂದೂ ತಲೆ ಗಾತ್ರ.

ಎರಡು ಅವನು ಎತ್ತಿದ, ಒಂದು ನಾನು.
ಕೊನೆಯದರ ಅಡಿಯಲ್ಲಿ ಆಗಲೇ
ಏಡಿಯೊಂದು ಸಂಸಾರ ಹೂಡಿತ್ತು,
ಕೊಂಡಿ ಎತ್ತಿ ನನ್ನನ್ನೇ ನೋಡಿತು.
ಪಾಪ, ಇರಲಿ ಬಿಡು ಎಂದೆ.
"ತೆಗಿ ತೆಗಿ," ಎಂದ ವಾಗೀಶ,
"ಹಿಂದೆ ಬರೋನ ಗತಿ?"