ಕೂದಲೆಳೆಯಷ್ಟು ಹಿಂದೆ

ಸಣ್ಣ ಸಂಖ್ಯೆಗೆ ದೊಡ್ಡ ಕಣ್ಣು.
ಈ ಉಲ್ಟಾ ಲೆಕ್ಕ ತಲೆಗೆ ಹತ್ತಲು
ನಾಲ್ಕು ಮದುವೆ ಸೀಸನ್ ಬೇಕಾಯಿತು ನನಗೆ.
ಒಂದು ಬಿಂದು ಎಂಟು ಅಂದರೆ ಹಗೇವಿನ ಬಾಯಿ,
ಹದಿನಾರು ಅಂದರೆ ಸೂಜಿಯ ಕಣ್ಣು.
ಕತ್ತಲಿಗೆ ಹೋಗುವವಳು ಹಗೇವನ್ನೇ ಕೇಳಬೇಕು.

ಮಂಡಿಪೇಟೆಯ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ
ಬುಡೇನ್ ಸಾಬರು ಎರಡನ್ನೂ ಮುಂದಿಟ್ಟರು:
ಇಪ್ಪತ್ತು ಎಂಎಂ, ಒಂದು ಬಿಂದು ಎಂಟು, ನಲವತ್ತೊಂದು ಸಾವಿರ,
ಹೊಸ ಸ್ಲೇಟಿನ ಕಪ್ಪು, ಮಾತೇ ಆಡದ ಮೋಟಾರು.
ಹದಿನಾಲ್ಕು ಎಂಎಂ, ಎರಡು ಬಿಂದು ಎಂಟು,
ಯಾರೋ ಬಳಸಿ ಬಿಟ್ಟದ್ದು, ಹದಿನಾರೂವರೆ,
ಫೋಕಸ್ಸು ಕೈಯಲ್ಲೇ ತಿರುಗಿಸಬೇಕು,
ಮುಂದಿನ ಗಾಜು ಕಪ್ಪೆಗಣ್ಣಿನ ಹಾಗೆ ಉಬ್ಬಿ
ಫಿಲ್ಟರ್ ಕೂರದು. ಮುಚ್ಚಳ ಕಳೆದಿದೆ.

"ಮದುವಿಗೆ ಬೇಕೋ, ಚುಕ್ಕಿಗೆ ಬೇಕೋ?"
ನನಗೆ ನಗು ಬಂತು.
ಹೊಳಲ್ಕೆರೆಯ ಮದುವೆಯಲ್ಲಿ ಬಾಡಿಗೆಯ ಹದಿನಾಲ್ಕರಿಂದ
ಗ್ರೂಪ್ ಫೋಟೋ ತೆಗೆದಿದ್ದೆ ಒಮ್ಮೆ.
ನಡುವಿನ ಗಂಡು ಹೆಣ್ಣು ತಂತಮ್ಮ ಅಳತೆಗೇ ಇದ್ದರು.
ಅಂಚಿಗೆ ನಿಂತ ಸೋದರತ್ತೆ ಮಾತ್ರ
ಬಾಗಿಲಷ್ಟು ಅಗಲ, ಕಿವಿಯ ಓಲೆ ಸೌಟಿನಷ್ಟು.
ಆಲ್ಬಮ್ಮಿನ ಬಾಕಿ ಎರಡು ಸಾವಿರ
ಇವತ್ತಿಗೂ ಬಂದಿಲ್ಲ.

ಸಾಬರು ಹದಿನಾಲ್ಕರ ಕತ್ತು ತಿರುಗಿಸಿದರು:
"ಇಲ್ಲಿ ಅನಂತ ಅಂತ ಬರದಾರ ನೋಡವ್ವ, ಮಲಗಿದ ಎಂಟು.
ನಂಬಬ್ಯಾಡ. ಅಲ್ಲಿ ಅನಂತ ಇಲ್ಲ.
ಪೂರಾ ಹೋಗು, ಆಮ್ಯಾಲೆ ಕೂದಲೆಳೆಯಷ್ಟು ಹಿಂದಕ್ಕ ಬಾ."
ಮೊಮ್ಮಗಳ ಉಗುರುಬಣ್ಣದ ಸೀಸೆ ತೆಗೆದು
ಅನಂತ ನಿಜಕ್ಕೂ ಇರುವ ಜಾಗಕ್ಕೆ
ಒಂದು ಗುಲಾಬಿ ಚುಕ್ಕೆ ಇಟ್ಟರು.
"ಎರಡೂ ಒಯ್ಯಿ. ಎಂಟು ದಿನ. ಒಗ್ಗಿದ್ದನ್ನ ಇಟ್ಕ."

ಮಾರ್ಚ್, ಅಮಾವಾಸ್ಯೆಯ ಮಾರನೆಯ ನಸುಕು, ಮೂರೂವರೆ.
ಜೋಗಿಮಟ್ಟಿಯ ಆಚೆ ಗುಡ್ಡದ ಮೇಲೆ ಗಾಳಿಯಂತ್ರಗಳು
ಕತ್ತಲನ್ನು ರೊಟ್ಟಿಯ ಹಾಗೆ ತಟ್ಟುತ್ತಿದ್ದವು.
ನೆತ್ತಿಯ ಕೆಂಪು ದೀಪಗಳು ಒಟ್ಟಿಗೇ ಹತ್ತಿ ಒಟ್ಟಿಗೇ ಆರಿ.
ಕಾವಲಿನ ಪಾಲಯ್ಯ ಬಂದು ಮುಖಕ್ಕೆ ಟಾರ್ಚು ಬಿಟ್ಟ.
"ಆರಿಸು ಮಾರಾಯ, ಕಣ್ಣಿಗೆ ಕತ್ತಲು ಒಗ್ಗೋಕೆ
ಇಪ್ಪತ್ತು ನಿಮಿಷ ಬೇಕು" ಎಂದೆ.
"ನಂಗೆ ಹನ್ನೊಂದು ವರ್ಷ ಹಿಡೀತು" ಎಂದ.
ಆರಿಸಿದ.

ಮೊದಲು ಇಪ್ಪತ್ತು.
ಐನೂರನ್ನು ಎಂಎಂನಿಂದ ಭಾಗಿಸಿದರೆ ಬಂದಷ್ಟು ಸೆಕೆಂಡು,
ಮೀರಿದರೆ ಭೂಮಿ ಉರುಳುವುದು ಸಿಕ್ಕಿಬೀಳುತ್ತದೆ,
ರಾಗಿ ಕಾಳು ಎಳೆದುಕೊಂಡು ಶಾವಿಗೆಯಾಗುತ್ತದೆ.
ಮೀರಲಿಲ್ಲ. ಚುಕ್ಕಿ ದುಂಡಗೆ, ಅಂಚಿನವರೆಗೂ ದುಂಡಗೆ.
ಆದರೆ ಚೇಳಿನ ಕೊಂಡಿ ಹಿಡಿದರೆ ಹೈವೇ ತಪ್ಪುತ್ತದೆ,
ಹೈವೇ ಹಿಡಿದರೆ ಕೊಂಡಿ.

ಆಮೇಲೆ ಹದಿನಾಲ್ಕು. ಗುಲಾಬಿ ಚುಕ್ಕೆಗೆ ಗೆರೆ ಸೇರಿಸಿ
ಮೂವತ್ತು ಸೆಕೆಂಡು.
ಎಲ್ಲ ಬಂತು: ಚೇಳು, ಹಿಟ್ಟು ಚೆಲ್ಲಿದಂಥ ಗಂಗೆ,
ಹಿರಿಯೂರಿನ ಕಡೆಗೆ ಲಾರಿಗಳು ನೂತ ಕೆಂಪು ದಾರ,
ಚಿತ್ರದ ಹೊರಗೆ ನಿಂತೆನೆಂದು ನಂಬಿದ್ದ ಪಾಲಯ್ಯ.
ಬಲ ಮೂಲೆ ಮಾತ್ರ ಕೆಟ್ಟಿತ್ತು.
ಹಿಗ್ಗಿಸಿ ನೋಡಿದರೆ ಅಲ್ಲಿನ ಒಂದೊಂದು ಚುಕ್ಕಿಗೂ ಎರಡು ರೆಕ್ಕೆ.
ಯಾರೋ ಬೀಳಿಸಿದ್ದಾರೆ, ಒಳಗಿನ ಗಾಜು ಎಳ್ಳಷ್ಟು ವಾಲಿದೆ.
ಆ ರೆಕ್ಕೆಗಳ ಕೆಳಗೆ ಬೀಡಿಯ ಕಿಡಿ,
ಅದರ ಕೆಳಗೆ ಕಾಲು, ಕಾಲು, ಕಾಲು,
ಗಾಳಿಯಂತ್ರದ ಕಂಬದಷ್ಟು.

"ಇದು ನಾನಾ?"
ಸೋದರತ್ತೆ ನೆನಪಾಗಿ ಸುಮ್ಮನಿದ್ದೆ.
ಬಹಳ ಹೊತ್ತು ನೋಡಿ, "ನಮ್ಮಪ್ಪ ಹಿಂಗಿದ್ದ" ಎಂದ.

ಪ್ರಿಂಟು ಕೇಳಿದ. ಹನ್ನೆರಡು ಹದಿನೆಂಟು ಹಾಕಿಸಿ ಒಯ್ದೆ.
ಬಲ ಮೂಲೆಯನ್ನು ಗೇಣಿನಿಂದ ಅಳೆದ.
"ಇಷ್ಟು ಸಾಕ್ರಿ. ಉಳಿದಿದ್ದು ಕತ್ತರಿಸ್ಕಳ್ಳಿ.
ಆಕಾಶ ನಂತಾವ ಐತೆ."

ಸ್ಟುಡಿಯೋದ ಡ್ರಾಯರಿನಲ್ಲೀಗ ಮೂಲೆಯಿಲ್ಲದ ಆಕಾಶ,
ಒಂದೂ ಚುಕ್ಕಿಗೆ ರೆಕ್ಕೆಯಿಲ್ಲ.
ಇವತ್ತು ಒಂಬತ್ತನೇ ದಿನ.
ದಾವಣಗೆರೆಯ ಬಸ್ಸು ಎರಡು ಹೋದವು.
ಇಪ್ಪತ್ತನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದೇನೆ.
ಹದಿನಾಲ್ಕರ ಉಬ್ಬುಗಣ್ಣಿಗೆ
ಮೊಸರಿನ ಡಬ್ಬಿಯ ಮುಚ್ಚಳ
ಹಿಡಿದು ನೋಡುತ್ತಿದ್ದೇನೆ.