ಒಲಿ ಮ್ಯಾಲಿನ ಹಾವು

ಐದನೇ ಗುಂಡಿ ಮ್ಯಾಲ ಒಂದು ಚುಕ್ಕಿ ಐತಿ.
ಹೆಬ್ಬಟ್ಟಿಗೆ ಅದು ಸಿಕ್ಕ ಕೂಡ್ಲೆ ಉಳಿದ ಗುಂಡಿಗಳೆಲ್ಲಾ
ತಂತಮ್ಮ ಜಾಗಾದಾಗ ಕುಂಡರತಾವ.
ಅಚ್ಚಿನ ಮೊಳಿಗೂ ಹಿಂಗ ಇತ್ತು, ಮೈಮ್ಯಾಲ ಒಂದು ಕಚ್ಚು.
ಬೆರಳಿಗೆ ಹತ್ತಿತಂದ್ರ ಅಕ್ಷರ ನೆಟ್ಟಗ ನಿಂತೈತಿ,
ನೋಡೂದ ಬ್ಯಾಡ.

ಮೂವತ್ತೊಂದು ವರ್ಷ ಬೆಟಗೇರಿ ಪ್ರೆಸ್ಸಿನ್ಯಾಗ
ನಾ ಕನ್ನಡ ಉಲ್ಟಾ ಓದಿದೆ.
ಲಗ್ನಪತ್ರ, ಲಿಲಾವಿನ ಹ್ಯಾಂಡ್‌ಬಿಲ್,
ಹತ್ತಿ ಅಡತಿ ಅಂಗಡಿಯ ರಶೀದಿ ಪುಸ್ತಕ,
ವರ್ಷಕ್ಕೊಂದೋ ಎರಡೋ ಕಾದಂಬರಿ.
ಆಮ್ಯಾಲ ಸಕ್ಕರಿ ಬ್ಯಾನಿ ಬಂತು.
ಮೊದಲ ಒತ್ತಕ್ಷರ ತಿಂತು, ಆಮ್ಯಾಲ ಕೊಂಬು, ದೀರ್ಘ,
ಕಡೀಕ ಇಡೀ ಹಾಳಿ ಬೆಳ್ಳಗಾತು.

ಡಬ್ಬಿ ತಂದುಕೊಟ್ಟಾಂವ ಇಮಾಮಹುಸೇನ.
'ಕಾಕಾ, ಅರಿವಿ ಒಗಿಯೂ ಸಾಬಾಣದಷ್ಟ ಐತಿ,
ಇದರಾಗ ನಾಕನೂರು ಪುಸ್ತಕ.'
ನಾಕನೂರು ಪುಸ್ತಕಕ್ಕ ಎಷ್ಟು ಮಣ ಸೀಸ ಬೇಕಂತ
ಲೆಕ್ಕಾ ಹಾಕೂದ್ರಾಗ ನನ್ನ ಭುಜಾ ನೋಯಾಕ ಹತ್ತಿತು.
ಡಬ್ಬಿಯ ಸ್ವಂತ ಮಾತು ಹಿಂದಿ.
'ಬ್ಯಾಟರಿ ಸಾಠ್ ಪ್ರತಿಶತ್' ಅಂತೈತಿ,
ಹೂಂ ಅಂತೀನಿ.

ನಿನ್ನೆ ರಾತ್ರಿ ಯಾವುದೋ ಕಾದಂಬರಿ ಹಚ್ಚಿದೆ.
ಓದಿದವರು ಸುಲೋಚನಾ ಅಣ್ವೇಕರ, ಹುಬ್ಬಳ್ಳಿ.
ದನಿ ಹಿಂದ ಕುಕ್ಕರಿನ ಸೀಟಿ, ಪಾನ ತಿರುವೂ ಸಪ್ಪಳ,
ದೂರ ಯಾರೋ ಹಳೇ ಪೇಪರ್ ಕೂಗಿಕೊಂಡು ಹೋದರು.
ಮೂರನೇ ಅಧ್ಯಾಯದಾಗ ಬೆರಳಿಗೆ ಮೊದಲ ತಿಳೀತು,
ಕಿವಿಗೆ ಆಮ್ಯಾಲ:
ಇದನ್ನ ಜೋಡಿಸಿದಾಂವ ನಾನ.
ಐದುನೂರು ಪ್ರತಿ. ಮುನ್ನೂರು ಗೆದ್ದಲಕ್ಕ ಹೋದುವು.

ಹಂಗಂದ್ರ ನೂರಾ ಹನ್ನೆರಡು ಬರತೈತಿ.

ಕೆಳಗಿನಿಂದ ಆರನೇ ಸಾಲು.
ಮೊಳಿ ಬಿಚ್ಚೂ ಹುಡುಗ 'ಲು' ಮನ್ಯಾಗ 'ವು' ಒಗದಿದ್ದ.
ನಾ ನೋಡಲಿಲ್ಲ, ಕರಡು ತಿದ್ದೂ ಮಾಸ್ತರೂ ನೋಡಲಿಲ್ಲ.
'ಒಲೆಯ ಮೇಲೆ ಹಾವು ಉಕ್ಕಿ ಚೆಲ್ಲಿತು.'
ಅಂದಾನೆಪ್ಪ ಮಾಲಕರು ಅರ್ಧಾ ಪಗಾರ ಕಡದು ಅಂದ್ರು:
'ಹಾವಿಗೆ ಹಾಲೆರದವರನ್ನ ಕಂಡೇನಿ,
ಹಾಲನ್ನ ಹಾವು ಮಾಡಿದಾಂವ ನೀನ ಮೊದಲ.'

ಪುಟದ ಬಾಣ ಒತ್ತಿ ಜಿಗೀಬಹುದಿತ್ತು.
ಜಿಗೀಲಿಲ್ಲ.
ಮಗ್ಗ ನಿಂತುವು, ಓಣಿ ಮಲಗಿತು,
ಯಾರದೋ ಮನಿ ಮೆಣಸಿನಕಾಯಿ ಘಾಟು ಸೈತ ಇಳೀತು.
'ಪೃಷ್ಠ್ ಏಕ್ ಸೌ ಬಾರಹ್' ಅಂತು ಡಬ್ಬಿ.

'ಒಲೆಯ ಮೇಲೆ ಹಾ'

ನಿಂತಳು.
ಮೂಗಿನ್ಯಾಗ ಸಣ್ಣ ನಗಿ, ಇಲ್ಲಾ ಬರೇ ಉಸುರು.

'ಹಾಲು ಉಕ್ಕಿ ಚೆಲ್ಲಿತು.'
ಮುಂದ ನಡದಳು.

ಹಿಂದಿನ ಬಾಣ ಒತ್ತಿದೆ. ಮತ್ತ ಒತ್ತಿದೆ.
ವೇಗ ಇಳಿಸಿ ಮತ್ತ.
ಸಾಲು ತುಂಬಲಿಕ್ಕೆ ಹಾಕತಿದ್ದಿವಲ್ಲ,
ಮಸಿ ಹತ್ತದ ಖಾಲಿ ಸೀಸದ ತುಂಡು,
ಅಷ್ಟ ತೆರಪು ಅದು.

ಪುಸ್ತಕದಾಗ ಬರದಾಂವನ ಹೆಸರೈತಿ,
ಮಾಲಕರದೈತಿ, ಈಗ ಓದಿದಾಕಿದೂ ಕೂಡೇತಿ.
ನಂದು ಅನ್ನೂದು ಆ ಹಾವೊಂದ ಇತ್ತು.
ತಿದ್ದಿದ್ದು ಛಲೋ ಆತು ತಂಗಿ, ಓದುಗರು ಬೆದರತಿದ್ರು.
ಆದ್ರ ನೀ ನಿಂತೆಲ್ಲ,
ಅಲ್ಲೆ ನನ್ನ ಕೈ ಮುಟ್ಟಿದಿ.

ಮುಂಜಾನೆ ಇಮಾಮ ಬಾಗಲದಾಗ ನಿಂತು ಕೇಳಿದ:
'ಕೆಟ್ಟೈತೇನು ಕಾಕಾ? ಅದ ಸಾಲು, ಅದ ಸಾಲು!'

ಕೆಟ್ಟಿಲ್ಲೋ.
ಹಾಲು ಕಾಯಾಕ ಇಟ್ಟೇನಿ,
ತಡಿ.